ಗಡಗಡವೋ, ಕಟಕಟವೋ?

ಎಂಜಿನನ್ನು ಆರಿಸುವಾಗ ಬರುವ ಸದ್ದಿಗೆ ನಾನು ಬಹುಕಾಲ ಕಿವಿಗೊಟ್ಟಿರಲಿಲ್ಲ. ಕೀಲಿಯನ್ನು ತಿರುಗಿಸಿ, ಕನ್ನಡಕವನ್ನೂ ಕೈಚೀಲವನ್ನೂ ಎತ್ತಿಕೊಂಡು, ಬಾಗಿಲನ್ನು ತಳ್ಳಿ ಮನೆಯೊಳಗೆ ಸೇರುವ ಅವಸರದಲ್ಲಿರುವವನಿಗೆ, ಯಂತ್ರವು ತನ್ನ ಕೊನೆಯ ಎರಡು ಸುತ್ತುಗಳನ್ನು ಯಾವ ಪ್ರಕಾರ ಸುತ್ತಿ ನಿಲ್ಲುತ್ತದೆಂಬುದು ವಿಚಾರಾರ್ಹವಾದ ಸಂಗತಿಯಾಗಿ ತೋರುವುದಿಲ್ಲ. ಆದರೆ ಒಂದು ಆಷಾಢದ ಸಂಜೆ, ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿಯನ್ನು ಹತ್ತಿ ಹಾಸನದ ನಮ್ಮ ಮನೆಯ ಮುಂದೆ ಬಂದು ನಿಂತ ನನ್ನ ಡೀಸೆಲ್ ಕಾರು, ತಗಡಿನ ಡಬ್ಬಿಯಲ್ಲಿ ತುಂಬಿದ ಗಜ್ಜುಗಗಳನ್ನು ಯಾರೋ ಒಮ್ಮೆ ಜೋರಾಗಿ ಕುಲುಕಿದಂತೆ ಗಡಗಡನೆ ನಡುಗಿ ಸುಮ್ಮನಾಯಿತು. ಜಗಲಿಯ ಮೇಲೆ ಕುಳಿತು ಅಕ್ಕಿಯನ್ನು ಆರಿಸುತ್ತಿದ್ದ ನನ್ನ ಹೆಂಡತಿಯು ಮೊರದಿಂದ ತಲೆಯೆತ್ತದೆಯೇ, "ಒಂದು ತಿಂಗಳಿಂದ ಹೀಗೇ ಆಡುತ್ತಿದೆ, ನಿಮಗೆ ಕೇಳಿಸಿರಲಿಲ್ಲವೆ?" ಎಂದಳು. ಒಳಗೆ ಕುಳಿತವನಿಗೆ ಕೇಳಿಸದಿದ್ದುದು ಹೊರಗೆ ಕುಳಿತವಳಿಗೆ ಕೇಳಿಸಿದ್ದಿತು.

ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರು ಓಡಿದ, ನಾನು ಇನ್ನೊಬ್ಬರ ಕೈಯಿಂದ ಕೊಂಡ, ಎರಡು ಲೀಟರಿನ ಕಾರದು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮವು ಜಾರಿಗೆ ಬಂದಾಗ ನಮ್ಮಲ್ಲಿಯ ಹಲವು ತಯಾರಕರು ಚಿಕ್ಕ ಡೀಸೆಲ್ ಎಂಜಿನುಗಳನ್ನು ಕೈಬಿಟ್ಟರು. ಅಂದಿನಿಂದ ಈ ಜಾತಿಯ ವಾಹನಗಳು ಹಳೆಯವಾಗುತ್ತ ಕೈಯಿಂದ ಕೈಗೆ ಸಾಗುತ್ತಿವೆ. ಅವುಗಳೊಡನೆ ಅವುಗಳ ವ್ಯಾಧಿಗಳೂ, ಹಿಂದಿನ ಯಜಮಾನನು ಮಾಡಿಸಿದ ಅರ್ಧಮರ್ಧ ಚಿಕಿತ್ಸೆಗಳೂ ಸಾಗಿ ಬರುತ್ತವೆ.

ಮರುದಿನ ನಾನು ಮೊದಲು ಹೋದ ಕಾರ್ಯಾಗಾರವು ಗಾಜಿನ ಕೋಣೆ, ಕಾಫಿಯ ಯಂತ್ರ ಮತ್ತು ಗಣಕಯಂತ್ರಗಳಿಂದ ಸುಸಜ್ಜಿತವಾದುದು. ಅಲ್ಲಿಯ ತರುಣನು ಎಂಜಿನನ್ನು ಒಮ್ಮೆ ಚಾಲೂ ಮಾಡಿ, ಒಮ್ಮೆ ಆರಿಸಿ, ಬಾನೆಟ್ಟನ್ನು ಎತ್ತದೆಯೇ "ಫ್ಲೈವೀಲ್ ಹೋಗಿದೆ" ಎಂದು ತೀರ್ಪು ಕೊಟ್ಟು, ನನ್ನ ಎರಡು ತಿಂಗಳ ಪಿಂಚಣಿಯನ್ನು ನುಂಗುವಂತಹ ಒಂದು ಅಂದಾಜು ಪಟ್ಟಿಯನ್ನು ಅಚ್ಚು ಮಾಡಿ ಕೊಟ್ಟನು. ಆತನ ತೀರ್ಪು ತಪ್ಪಾಗಿರಲಿಲ್ಲವೆಂಬುದನ್ನು ಈಗಲೇ ಹೇಳಿಬಿಡುವುದು ನ್ಯಾಯ. ಆದರೆ ಸರಿಯಾದ ಉತ್ತರವನ್ನು ವಿಚಾರಣೆಯಿಲ್ಲದೆ ಕೊಟ್ಟವನ ಮಾತನ್ನು ನೆಚ್ಚಿ ಹಣವನ್ನು ತೆರುವುದಕ್ಕೆ ನನ್ನ ಮನಸ್ಸು ಒಡಂಬಡಲಿಲ್ಲ. ಊರ ಹೊರಗೆ, ತಗಡಿನ ಮಾಡಿನ ಕೆಳಗೆ, ನಲವತ್ತು ವರ್ಷಗಳಿಂದ ಗೇರ್‌ಬಾಕ್ಸುಗಳನ್ನು ಇಳಿಸುತ್ತ ಏರಿಸುತ್ತ ಬಂದಿರುವ ಒಬ್ಬ ಮೇಸ್ತ್ರಿಯ ಬಳಿಗೆ ಹೋದೆನು.

ಆತನು ಕಾರನ್ನು ನೋಡಲಿಲ್ಲ, ನನ್ನನ್ನು ನೋಡಿದನು. "ಗಡಗಡ ಅಂತದಾ ಸಾರ್, ಕಟಕಟ ಅಂತದಾ, ಇಲ್ಲ ಕೊಯ್ ಅಂತ ಎಳೀತದಾ?" ಎಂದನು.

ನಮ್ಮ ವೈಯಾಕರಣರು ಅನುಕರಣಾವ್ಯಯಗಳೆಂದು ಹೆಸರಿಟ್ಟು ಒಂದು ಮೂಲೆಯಲ್ಲಿ ಕುಳ್ಳಿರಿಸಿರುವ ಈ ಮಾತುಗಳು ಒಬ್ಬ ಮೇಸ್ತ್ರಿಯ ಬಾಯಲ್ಲಿ ಎಷ್ಟು ಖಚಿತವಾದ ಪಾರಿಭಾಷಿಕ ಪದಗಳಾಗುತ್ತವೆಂಬುದನ್ನು ನಾನು ಅಂದು ತಿಳಿದೆನು. ಗಡಗಡವೆಂದರೆ ಭಾರವಾದ ಎರಡು ವಸ್ತುಗಳು ಸಡಿಲವಾಗಿ ಒಂದಕ್ಕೊಂದು ತಾಗುವ ಸದ್ದು. ಕಟಕಟವೆಂದರೆ ಹಲ್ಲಿಗೆ ಹಲ್ಲು ತಗುಲುವ, ಹಗುರವಾದ, ಬಿಡದೆ ಬರುವ ಸದ್ದು. ಕೊಯ್ ಎಂದರೆ ಒಣಗಿದ ಬೇರಿಂಗಿನ ಆಲಾಪನೆ. ಕಿರ್ ಎಂದು ಒಮ್ಮೆ ಮಾತ್ರ, ಪೆಡಲನ್ನು ತುಳಿಯುವಾಗಲೋ ಬಿಡುವಾಗಲೋ ಬಂದರೆ, ಅದು ಕ್ಲಚ್ಚಿನ ಕವೆಯು ತನ್ನ ಗೂಟದ ಮೇಲೆ ಗ್ರೀಸಿಲ್ಲದೆ ಹೊರಳುವ ಗೋಳು, ಅದಕ್ಕೆ ಹೆದರಬೇಕಾಗಿಲ್ಲ. ನನಗೆ ಗಡಗಡವಲ್ಲದೆ ಬೇರೊಂದೂ ಕೇಳಿಸಿರಲಿಲ್ಲವೆಂದು ಹೇಳಿದೆನು. ಆತನು ನಕ್ಕು, "ಕೂತ್ಕೊಳ್ಳಿ, ಕಾಲು ನಿಮ್ದು, ಕಿವಿ ನಂದು" ಎಂದು ನನ್ನನ್ನೇ ಚಾಲಕನ ಪೀಠದಲ್ಲಿ ಕೂರಿಸಿದನು.

ಆ ಪರೀಕ್ಷೆಯ ವಿವರಕ್ಕೆ ಹೋಗುವ ಮೊದಲು, ಈ ಫ್ಲೈವೀಲೆಂಬ ಚಕ್ರವು ಅಲ್ಲಿ ಏಕಿದೆಯೆಂಬುದನ್ನು ಒಂದಿಷ್ಟು ನಿಧಾನವಾಗಿ ನೋಡಬೇಕು. ಕುಂಬಾರನ ತಿಗರಿಯನ್ನು ಕಂಡವರಿಗೆ ಇದು ಕಷ್ಟದ ವಿಷಯವಲ್ಲ. ಆತನು ಕೋಲನ್ನು ಕುಳಿಯಲ್ಲಿಟ್ಟು ನಾಲ್ಕಾರು ಬಾರಿ ಬೀಸಿ ತಿರುಗಿಸಿ ಕೋಲನ್ನು ಬದಿಗಿಟ್ಟ ಮೇಲೆಯೂ ತಿಗರಿಯು ಸಮವೇಗದಿಂದ ತಿರುಗುತ್ತಿರುವುದು, ಆ ಏಟುಗಳ ಶಕ್ತಿಯೆಲ್ಲವೂ ಚಕ್ರದ ಅಂಚಿನ ಭಾರದಲ್ಲಿ ಸಂಚಯವಾಗಿ, ಸ್ವಲ್ಪ ಸ್ವಲ್ಪವಾಗಿ ವ್ಯಯವಾಗುತ್ತಿರುವುದರಿಂದ. ಎಂಜಿನ್ನಿನ ಶಕ್ತಿಯೂ ಕೋಲಿನ ಏಟಿನಂತೆ ಬಿಡಿಬಿಡಿಯಾಗಿಯೇ ಬರುವಂತಹುದು. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟಗಳು. ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿರುವಾಗ 1600 ಏಟುಗಳು, ಅಂದರೆ ಸೆಕೆಂಡಿಗೆ ಸುಮಾರು 27. ಪ್ರತಿ ಏಟಿಗೂ ಎಂಜಿನ್ನಿನ ದಂಡವು ಮುಂದಕ್ಕೆ ಚಿಮ್ಮುತ್ತದೆ, ಮರುಕ್ಷಣವೇ ಹಿಂಜರಿಯುತ್ತದೆ. ಈ ಚಿಮ್ಮುವಿಕೆಯನ್ನೂ ಹಿಂಜರಿಕೆಯನ್ನೂ ತನ್ನ ಜಡತ್ವದಲ್ಲಿ ಅಡಗಿಸಿಕೊಂಡು, ಗೇರ್‌ಬಾಕ್ಸಿಗೆ ಸಾಧ್ಯವಾದಷ್ಟು ಸಮವಾದ ಗತಿಯನ್ನು ಒದಗಿಸುವ ಭಾರದ ಕಬ್ಬಿಣದ ತಟ್ಟೆಯೇ ಫ್ಲೈವೀಲ್.

ಪೆಟ್ರೋಲಿನ ಎಂಜಿನ್ನಿಗೆ ಇಷ್ಟೇ ಸಾಕಾಗುತ್ತಿದ್ದಿತು. ಡೀಸೆಲಿನ ಏಟು ಬೇರೆ ಬಗೆಯದು. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನೇ ಅದರ ಮೊದಲ ಗಾತ್ರದ ಹದಿನಾರನೆಯ, ಹದಿನೆಂಟನೆಯ, ಕೆಲವೊಮ್ಮೆ ಇಪ್ಪತ್ತನೆಯ ಒಂದು ಪಾಲಿಗೆ ಅದುಮಿ, ಆ ಅದುಮುವಿಕೆಯಿಂದ ಕಾದ ಗಾಳಿಯೊಳಕ್ಕೆ ತೈಲವನ್ನು ಚಿಮ್ಮಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುವುದೇ ಇದರ ಧರ್ಮ. ಹೊತ್ತುವಿಕೆ ಉಗ್ರ, ಏಟು ಕಠೋರ. ಹಡಗಿನಲ್ಲಿ, ಗಿರಣಿಯಲ್ಲಿ, ಲಾರಿಯಲ್ಲಿ ಈ ಕಾಠಿಣ್ಯವನ್ನು ಯಾರೂ ಆಕ್ಷೇಪಿಸಲಿಲ್ಲ. 1936ರಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಕಾರಿನಲ್ಲಿ ಇದೇ ಎಂಜಿನ್ನು ಸಭ್ಯರ ಸವಾರಿಗೆ ಬಂದಿತು. ಆಮೇಲಿನ ದಶಕಗಳಲ್ಲಿ ಡೀಸೆಲಿನ ಕಾರನ್ನು ಕೊಂಡವರು ಉಳಿತಾಯಕ್ಕೆ ಪ್ರತಿಯಾಗಿ ಸದ್ದನ್ನು ಸಹಿಸುವುದೆಂಬ ಒಪ್ಪಂದಕ್ಕೆ ರುಜು ಮಾಡಿದಂತೆಯೇ ಆಗಿತ್ತು. ಟರ್ಬೋ ಬಂದು, ಸಾಮಾನ್ಯ ನಳಿಕೆಯಲ್ಲಿ ತೈಲವನ್ನು ಅತ್ಯಧಿಕ ಒತ್ತಡದಲ್ಲಿ ಕೂಡಿಟ್ಟು ಚಿಮ್ಮಿಸುವ ಕಾಮನ್ ರೈಲ್ ಪದ್ಧತಿಯು ಬಂದು, ಮಂದವೇಗದಲ್ಲಿಯೇ ಮಹಾಬಲವು ಲಭ್ಯವಾದ ಮೇಲಂತೂ ಗೇರ್‌ಬಾಕ್ಸಿನ ಮೇಲೆ ಬೀಳುವ ಪೆಟ್ಟು ಇನ್ನೂ ಹೆಚ್ಚಾಯಿತು.

ಗೇರ್‌ಬಾಕ್ಸಿನೊಳಗೆ ಹಲ್ಲುಗಾಲಿಗಳು ಯಾವಾಗಲೂ ಜೋಡಿಜೋಡಿಯಾಗಿ ಕಚ್ಚಿಕೊಂಡೇ ಇರುತ್ತವೆ. ಭಾರವನ್ನು ಎಳೆಯುವುದು ಒಂದೇ ಜೋಡಿ, ಉಳಿದವು ಸುಮ್ಮನೆ ತಿರುಗುತ್ತವೆ. ಹಲ್ಲಿಗೂ ಹಲ್ಲಿಗೂ ನಡುವೆ, ಎಣ್ಣೆಯಾಡುವುದಕ್ಕಾಗಿ, ಕೂದಲೆಳೆಯಷ್ಟು ಸಂದು ಇರಲೇಬೇಕು. ದಂಡವು ಸೆಕೆಂಡಿಗೆ 27 ಬಾರಿ ಹಿಂದುಮುಂದಾಗಿ ಚಿಮ್ಮಿದರೆ, ಭಾರವಿಲ್ಲದ ಈ ಹಲ್ಲುಗಳು ಆ ಸಂದಿನಲ್ಲಿ ಅತ್ತಿತ್ತ ಬಡಿದುಕೊಂಡು, ಚಳಿಯಲ್ಲಿ ನಿಂತವನ ದವಡೆಯಂತೆ ಕಟಕಟಿಸುತ್ತವೆ. ಇದನ್ನು ತಡೆಯಲೆಂದು ಹಿಂದಿನವರು ಕ್ಲಚ್ ಪ್ಲೇಟಿನ ನಡುವೆಯೇ ಸಣ್ಣ ಸ್ಪ್ರಿಂಗುಗಳನ್ನು ಕೂರಿಸಿದ್ದರು. ಆ ಸ್ಪ್ರಿಂಗುಗಳಿಗೆ ಇರುವ ಜಾಗವು ಅತ್ಯಲ್ಪವಾದುದರಿಂದ ಅವನ್ನು ಬೇಕಾದಷ್ಟು ಮೃದುಗೊಳಿಸುವಂತಿರಲಿಲ್ಲ. ಅನುರಣನವು, ಎಂದರೆ ಏಟಿನ ಲಯಕ್ಕೆ ಸ್ಪ್ರಿಂಗಿನ ಲಯವು ಕೂಡಿ ನಡುಕವು ಇಮ್ಮಡಿ ಮುಮ್ಮಡಿಯಾಗುವ ಆ ದುರ್ಘಳಿಗೆಯು, ನಾವು ದಿನನಿತ್ಯ ಓಡಿಸುವ ವೇಗದ ವಲಯದಲ್ಲಿಯೇ ಉಳಿದುಬಿಡುತ್ತಿತ್ತು.

ಜರ್ಮನಿಯ ಬ್ಯೂಲ್ ಎಂಬ ಊರಿನ ಲುಕ್ ಸಂಸ್ಥೆಯು 1985ರಲ್ಲಿ ಸರಣಿ ತಯಾರಿಕೆಗೆ ತಂದ ಉಪಾಯವು ಸರಳವಾಗಿದ್ದುದರಿಂದಲೇ ಸುಂದರವಾದುದು: ಒಂದು ಚಕ್ರವನ್ನು ಎರಡಾಗಿ ಸೀಳುವುದು. ಒಂದು ಹೋಳು ಎಂಜಿನ್ನಿನ ದಂಡಕ್ಕೆ ಬಿಗಿದಿರುತ್ತದೆ. ಇನ್ನೊಂದು ಕ್ಲಚ್ಚಿಗೆ ಮುಖಕೊಟ್ಟು ಗೇರ್‌ಬಾಕ್ಸಿನ ಬಂಧುವಾಗಿರುತ್ತದೆ. ಇವೆರಡರ ನಡುವೆ, ಬಿಲ್ಲಿನಂತೆ ಬಾಗಿದ ಉದ್ದವಾದ ಸ್ಪ್ರಿಂಗುಗಳು ಗ್ರೀಸಿನಲ್ಲಿ ಮುಳುಗಿ ಮಲಗಿರುತ್ತವೆ. ಒಂದು ಹೋಳು ಇನ್ನೊಂದನ್ನು ಬಿಟ್ಟು ಹತ್ತಾರು ಡಿಗ್ರಿಗಳಷ್ಟು ಅತ್ತಿತ್ತ ತೊನೆಯಬಹುದು. ಎಂಜಿನ್ನು ಎಷ್ಟೇ ಕುಣಿದಾಡಲಿ, ಆ ಕುಣಿತವೆಲ್ಲವೂ ಮೊದಲನೆಯ ಹೋಳಿನಲ್ಲಿಯೂ ಸ್ಪ್ರಿಂಗುಗಳಲ್ಲಿಯೂ ಜೀರ್ಣವಾಗಿ, ಎರಡನೆಯ ಹೋಳು ಬಹುಮಟ್ಟಿಗೆ ಸಮಾಧಾನಚಿತ್ತದಿಂದ ತಿರುಗುತ್ತದೆ. ಗೇರ್‌ಬಾಕ್ಸಿನ ಕಡೆಗೆ ಭಾರವು ಹೆಚ್ಚಿ ಸ್ಪ್ರಿಂಗು ಮೃದುವಾದುದರಿಂದ ಅನುರಣನದ ಘಳಿಗೆಯು ಕೆಳಗಿಳಿದು, ನಿಮಿಷಕ್ಕೆ ಇನ್ನೂರು ಮುನ್ನೂರು ಸುತ್ತುಗಳ ಆಸುಪಾಸಿಗೆ, ಅಂದರೆ ಎಂಜಿನ್ನು ಎಂದೂ ನಿಂತು ವಿಹರಿಸದ ವೇಗಕ್ಕೆ ಬಂದುಬಿಟ್ಟಿತು.

ಎಂದೂ ನಿಂತು ವಿಹರಿಸದು, ದಿಟ. ಆದರೆ ಪ್ರತಿಯೊಮ್ಮೆ ಚಾಲೂ ಮಾಡುವಾಗಲೂ ಪ್ರತಿಯೊಮ್ಮೆ ಆರಿಸುವಾಗಲೂ ಅದೇ ವೇಗವನ್ನು ಹಾದುಹೋಗಲೇಬೇಕು. ಸುಸ್ಥಿತಿಯಲ್ಲಿರುವ ಚಕ್ರದಲ್ಲಿ ಈ ಹಾಯುವಿಕೆಯು ಕ್ಷಣಾರ್ಧದ ಕೆಲಸ, ಒಂದು ಸಣ್ಣ ಗುಕ್ಕು. ಸ್ಪ್ರಿಂಗು ಸೋತು, ಗ್ರೀಸು ಸೋರಿ, ಹೋಳುಗಳ ನಡುವಿನ ಬೇರಿಂಗು ಸವೆದಿದ್ದರೆ, ಇದೇ ಕ್ಷಣಾರ್ಧದಲ್ಲಿ ಎರಡು ಹೋಳುಗಳೂ ಅಂಕೆ ಮೀರಿ ಒಂದನ್ನೊಂದು ಗುದ್ದುತ್ತವೆ. ನನ್ನ ಹೆಂಡತಿಗೆ ಜಗಲಿಯ ಮೇಲೆ ಕೇಳಿಸಿದುದು ಆ ಗುದ್ದಾಟ.

ಈಗ ಮೇಸ್ತ್ರಿಯ ಪರೀಕ್ಷೆಗೆ ಬರೋಣ. ಆತನು ಎಂಜಿನ್ನಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ವೈದ್ಯನು ನಾಡಿಯನ್ನು ಹಿಡಿದಂತೆ ಕಣ್ಣು ಮುಚ್ಚಿಕೊಂಡನು. ಗೇರು ನ್ಯೂಟ್ರಲಿನಲ್ಲಿ, ಕ್ಲಚ್ಚಿನ ಪೆಡಲ್ ಮೇಲೆ: ಆಗ ಗೇರ್‌ಬಾಕ್ಸಿನ ಒಳದಂಡವು ಎಂಜಿನ್ನಿನೊಡನೆ ತಿರುಗುತ್ತಿರುತ್ತದೆ. ಈ ಸ್ಥಿತಿಯಲ್ಲಿ ಸದ್ದಿದ್ದು, ಪೆಡಲನ್ನು ಪೂರ್ಣವಾಗಿ ತುಳಿದೊಡನೆ ಅದು ಅಡಗಿದರೆ, ದೋಷವು ಆ ತಿರುಗುವಿಕೆಗೆ ಸಂಬಂಧಪಟ್ಟದ್ದು. ಒಳದಂಡದ ಬೇರಿಂಗಿರಬಹುದು, ಹಲ್ಲುಗಳ ಕಟಕಟವಿರಬಹುದು. ಇದಕ್ಕೆ ವಿಪರೀತವಾಗಿ, ಪೆಡಲನ್ನು ತುಳಿದಾಗಲೇ ಸದ್ದು ಹುಟ್ಟಿದರೆ, ತುಳಿದಾಗ ಮಾತ್ರ ಭಾರವನ್ನು ಹೊರುವ ರಿಲೀಸ್ ಬೇರಿಂಗೇ ಅಪರಾಧಿ. ತುಳಿದರೂ ಬಿಟ್ಟರೂ ಒಂದೇ ರೀತಿ ಗುಮ್ಮೆನ್ನುತ್ತಿದ್ದರೆ ಎಂಜಿನ್ನಿನ ಆಧಾರದ ರಬ್ಬರುಗಳನ್ನು ನೋಡಬೇಕು. ಆರಿಸುವಾಗಲೂ ಚಾಲೂ ಮಾಡುವಾಗಲೂ ಮಾತ್ರ ಗಡಗಡಿಸಿದರೆ, ಆ ಇಬ್ಬಗೆಯ ಚಕ್ರ. ನಾನು ಐದಾರು ಬಾರಿ ತುಳಿದು ಬಿಟ್ಟ ಮೇಲೆ ಆತನು ಕಣ್ದೆರೆದು, "ಎರಡು ಕಾಯಿಲೆ ಐತೆ ಸಾರ್" ಎಂದು, ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಿವಿಗೆ ಹಿಡಿದನು. ಸಹಾಯಕನು ಪೆಡಲನ್ನು ತುಳಿದನು. ದೂರದ ಯಾವುದೋ ಮನೆಯಲ್ಲಿ ಬಾವಿಯ ರಾಟೆ ತಿರುಗುವಂತೆ, ಸಣ್ಣಗೆ, ಕೊಯ್ ಎಂಬ ರಾಗವು ಕೇಳಿಬಂದಿತು. ಇಷ್ಟು ದಿನವೂ ಅದು ನನ್ನ ಕಾಲಿನ ಕೆಳಗೇ ಇದ್ದಿತು.

ಇಷ್ಟಾದ ಮೇಲೂ ಆತನು ಬಿಚ್ಚುವ ಮಾತನ್ನು ಎತ್ತಲಿಲ್ಲ. ನನಗೆ ಆತನ ಮೇಲೆ ಗೌರವವು ಹುಟ್ಟಿದುದು ಇಲ್ಲಿ. "ಚಕ್ರ ಯಾಕೆ ಹೋಯ್ತು ಅಂತ ನೋಡ್ದೆ ಹೊಸದು ಹಾಕಿದ್ರೆ ಅದೂ ಹೋಗ್ತದೆ" ಎಂಬುದು ಆತನ ತರ್ಕ. ಬ್ಯಾಟರಿಯು ದುರ್ಬಲವಾಗಿದ್ದರೆ ಸ್ಟಾರ್ಟರು ಎಂಜಿನನ್ನು ಮೆಲ್ಲನೆ ತಿರುಗಿಸುತ್ತದೆ; ಮೆಲ್ಲನೆ ತಿರುಗಿಸಿದಷ್ಟೂ ಆ ಇನ್ನೂರು ಮುನ್ನೂರು ಸುತ್ತುಗಳ ದುರ್ಘಳಿಗೆಯು ದೀರ್ಘವಾಗುತ್ತದೆ; ಪ್ರತಿ ಮುಂಜಾನೆಯೂ ಚಕ್ರವು ಏಟು ತಿನ್ನುತ್ತದೆ. ಒಂದು ಇಂಜೆಕ್ಟರು ಉಳಿದ ಮೂರರಷ್ಟು ತೈಲವನ್ನು ಚಿಮ್ಮಿಸದೆ ಹೋದರೆ ನಾಲ್ಕು ಏಟುಗಳಲ್ಲಿ ಒಂದು ಕುಂಟುತ್ತದೆ. ಆ ಕುಂಟನ್ನು ನೆರವಿಗೆ ನಿಂತು ಸರಿದೂಗಿಸುವ ಭಾರವೂ ಚಕ್ರದ ಮೇಲೆಯೇ ಬೀಳುತ್ತದೆ. ಬ್ಯಾಟರಿಯು ನೆಟ್ಟಗಿದ್ದಿತು. ಇಂಜೆಕ್ಟರುಗಳ ಹಿಮ್ಮರಳಿಕೆಯ ಕೊಳವೆಗಳನ್ನು ಕಳಚಿ, ನಾಲ್ಕು ಸಮನಾದ ಶೀಷೆಗಳನ್ನು ಸಾಲಾಗಿ ತೂಗುಹಾಕಿ ಎಂಜಿನ್ನನ್ನು ಕೆಲವು ನಿಮಿಷ ನಡೆಸಿದಾಗ, ಮೂರು ಶೀಷೆಗಳಲ್ಲಿ ಬೆರಳಗಲದಷ್ಟು ತೈಲವು ನಿಂತಿದ್ದರೆ ಮೂರನೆಯ ಸಿಲಿಂಡರಿನ ಶೀಷೆಯು ಅರ್ಧಕ್ಕೂ ಮೇಲೆ ತುಂಬಿದ್ದಿತು. ಚಿಮ್ಮಬೇಕಾದುದು ಒಳಗೇ ಸೋರಿ ಹಿಂದಕ್ಕೆ ಬರುತ್ತಿದ್ದಿತು. ಪಂಪಿನ ಅಂಗಡಿಯಲ್ಲಿ ಅದನ್ನು ಬಿಚ್ಚಿ ಒಳಗಿನ ಕವಾಟವನ್ನು ಬದಲಾಯಿಸಿ ತಂದು ಕೂರಿಸಿದ ಮೇಲೆ ನಿಂತಲ್ಲಿಯ ನಡುಕವು ಅರ್ಧಕ್ಕರ್ಧ ಇಳಿಯಿತು. ಆರಿಸುವಾಗಿನ ಗಡಗಡವು ಇಳಿಯಲಿಲ್ಲ.

ಮೂರನೆಯ ಕಾರಣವನ್ನು ಕೇಳುವಾಗ ಮೇಸ್ತ್ರಿಯು ಕೊಂಚ ಸಂಕೋಚಪಟ್ಟನು. "ಘಾಟೀಲಿ ಯಾವ ಗೇರಲ್ಲಿ ಹತ್ತಿಸ್ತೀರಿ?" ಎಂದನು. ನಾನು ಹೆಮ್ಮೆಯಿಂದಲೇ ಹೇಳಿದೆನು: ನಾಲ್ಕನೆಯ ಗೇರು, ರಸ್ತೆ ತೆರವಾಗಿದ್ದರೆ ಐದನೆಯದು, ಸುತ್ತು ಕಡಿಮೆಯಾದಷ್ಟೂ ಮೈಲೇಜು ಹೆಚ್ಚು. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ಮೇಲಿನ ಸರ್ಕಾರದ ಹಿಡಿತವು ತಪ್ಪಿದ ಮೇಲೆ, ಲೀಟರಿಗೆ ಒಂದು ಕಿಲೋಮೀಟರನ್ನು ಹೆಚ್ಚಾಗಿ ಹಿಂಡುವುದು ನನ್ನಂತಹವರಿಗೆ ಒಂದು ವ್ರತವೇ ಆಗಿಹೋಗಿದ್ದಿತು; ಅದಕ್ಕೆ ಸರಿಯಾಗಿ, ಎದುರಿನ ಫಲಕದಲ್ಲಿ ಒಂದು ಹಸಿರು ಬಾಣವು ಮೂಡಿ 'ಗೇರನ್ನು ಏರಿಸು, ಏರಿಸು' ಎಂದು ಪ್ರೋತ್ಸಾಹಿಸುತ್ತಲೂ ಇದ್ದಿತು. ಏರಿನಲ್ಲಿ ನಿಮಿಷಕ್ಕೆ 1200 ಸುತ್ತಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೆ ಟರ್ಬೋ ಡೀಸೆಲ್ಲು ಹೇಗೋ ಎಳೆಯುತ್ತದೆ. ಎಳೆಯಬಲ್ಲದೆಂಬುದೇ ಅದರ ದೌರ್ಭಾಗ್ಯ. ಏಟುಗಳು ವಿರಳವಾದಷ್ಟೂ ಒಂದೊಂದು ಏಟೂ ದೊಡ್ಡದಾಗಿ, ಬಿಲ್ಲಿನ ಸ್ಪ್ರಿಂಗುಗಳು ತಮ್ಮ ಕೊನೆಯ ಮಿತಿಯವರೆಗೂ ಅದುಮಲ್ಪಟ್ಟು, ಒಂದಕ್ಕೊಂದು ಕೂಡಿಕೊಂಡು, ಸ್ಪ್ರಿಂಗಾಗಿರದೆ ಕೇವಲ ಕಬ್ಬಿಣದ ತುಂಡಾಗಿಬಿಡುತ್ತವೆ. ಸಕಲೇಶಪುರದ ಕಡೆಗೆ ಏರುವ ಆ ರಸ್ತೆಯಲ್ಲಿ ಎಷ್ಟೋ ಬಾರಿ ನೆಲಹಾಸಿನ ಕೆಳಗೆ ಗುಮ್ ಗುಮ್ ಎಂಬ ಒತ್ತಡವು ಕಿವಿಗೆ ಬಿದ್ದುದುಂಟು. ಅದನ್ನು ಎಂಜಿನ್ನಿನ ಗಾಂಭೀರ್ಯವೆಂದು ನಾನು ತಿಳಿದಿದ್ದೆನು. ಕಾಫಿ ಗಿಡದ ನೆರಳನ್ನು ನೋಡುತ್ತ, ಲಾರಿಯ ಹಿಂದೆ ಅರ್ಧ ಕ್ಲಚ್ಚಿನಲ್ಲಿ ತೆವಳುತ್ತ, ವರ್ಷಕ್ಕೆ ಒಂದೆರಡು ಸಾವಿರ ರೂಪಾಯಿಗಳನ್ನು ಉಳಿಸುತ್ತಿದ್ದೇನೆಂಬ ಸಂತೋಷದಲ್ಲಿ ನಾನು ಒಂದು ಚಕ್ರವನ್ನು ಕೊಲ್ಲುತ್ತಿದ್ದೆನು.

ಬಿಚ್ಚುವ ದಿನ ನಾನು ಬೆಳಗಿನಿಂದಲೇ ಹೋಗಿ ಕುಳಿತೆನು. ಬ್ಯಾಟರಿ, ಅದರ ತಟ್ಟೆ, ಸ್ಟಾರ್ಟರು, ಗೇರು ಬದಲಾಯಿಸುವ ತಂತಿಗಳು, ಎರಡು ಗಾಲಿಗಳಿಗೂ ಹೋಗುವ ಡ್ರೈವ್ ಶಾಫ್ಟುಗಳು ಒಂದೊಂದಾಗಿ ನೆಲದ ಮೇಲೆ ಹಾಸಿದ ಗೋಣಿಗೆ ಇಳಿದವು. ಮೇಲಿನಿಂದ ಒಂದು ಅಡ್ಡತೊಲೆಯು ಎಂಜಿನ್ನನ್ನು ಸರಪಳಿಯಿಂದ ಹಿಡಿದುಕೊಂಡಿತು. ಕೆಳಗಿನಿಂದ ಒಂದು ಜ್ಯಾಕು ಗೇರ್‌ಬಾಕ್ಸನ್ನು ಹೊತ್ತುಕೊಂಡಿತು. ಇಬ್ಬರು ಹುಡುಗರು, ಒಬ್ಬನು ನೋಡುತ್ತ ಒಬ್ಬನು ಎಳೆಯುತ್ತ, ಆ ಐವತ್ತು ಕಿಲೋದಷ್ಟು ಭಾರವನ್ನು ಹಿಂದಕ್ಕೆ ಸರಿಸಿ ಇಳಿಸಿದಾಗ, ಗಂಟೆಯಾಕಾರದ ಆ ಕವಚದಿಂದ ಹುಡಿಯಾದ ಕಪ್ಪು ಧೂಳು ಉದುರಿತು. ಗಾಳಿಯ ಕೊಳವೆಯನ್ನು ಹಿಡಿಯಹೋದ ಹುಡುಗನನ್ನು ಮೇಸ್ತ್ರಿಯು ಗದರಿಸಿದನು. ಹಿಂದೆ ಕ್ಲಚ್ಚಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿದ್ದಿತು; ಆ ಧೂಳನ್ನು ಊದಿ ಉಸಿರಾಡಿದವರ ಶ್ವಾಸಕೋಶಗಳ ಕಥೆ ಆತನಿಗೆ ತಿಳಿದಿದ್ದಿತು. ಈಗಿನವುಗಳಲ್ಲಿ ಕಲ್ನಾರು ಇಲ್ಲದಿರಬಹುದು, ಆದರೆ ಒದ್ದೆ ಬಟ್ಟೆಯಿಂದ ಒರೆಸುವುದಕ್ಕೆ ತಗಲುವ ಖರ್ಚಾದರೂ ಏನು?

ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಒಂದನ್ನೇ ಪೂರ್ಣವಾಗಿ ಬಿಚ್ಚದೆ, ಎದುರುಬದಿರಾಗಿ, ಅರ್ಧರ್ಧ ಸುತ್ತು ಸಡಿಲಿಸುತ್ತ ತೆಗೆದಮೇಲೆ ಆ ಚಕ್ರವು ಕಣ್ಣಿಗೆ ಬಿದ್ದಿತು. ಅದರ ಮುಖದ ಮೇಲೆ ಅಲ್ಲಲ್ಲಿ ನವಿಲುಗರಿಯ ನೀಲಿಯ ಮಚ್ಚೆಗಳಿದ್ದವು. ಉಕ್ಕು ಅತಿಯಾಗಿ ಕಾದು ತಣಿದುದರ ಗುರುತವು. ಅಂಚಿನಿಂದ ಗ್ರೀಸು ಸಿಡಿದು ಕವಚದ ಒಳಮೈಯಲ್ಲಿ ಕಿರಣಗಳಂತೆ ಗೆರೆಯೆಳೆದಿದ್ದಿತು. ಮೇಸ್ತ್ರಿಯು ಹೊರಹೋಳನ್ನು ಎರಡು ಕೈಗಳಿಂದಲೂ ಹಿಡಿದು, ಸ್ಪ್ರಿಂಗಿನ ಪ್ರತಿಭಟನೆಯು ತಗಲುವವರೆಗೆ ಎಡಕ್ಕೂ ಬಲಕ್ಕೂ ತಿರುಗಿಸಿ, ಆ ಬರಿಯ ಓಲಾಟವು ಹೊರಬಳೆಯ ಎಷ್ಟು ಹಲ್ಲುಗಳಷ್ಟಾಯಿತೆಂದು ಸುಣ್ಣದ ಕಡ್ಡಿಯಿಂದ ಗುರುತು ಮಾಡಿ ಎಣಿಸಿದನು. ಆಮೇಲೆ ಡಯಲ್ ಗೇಜನ್ನು ನಿಲ್ಲಿಸಿ, ಹೋಳನ್ನು ಮುಂದಕ್ಕೂ ಹಿಂದಕ್ಕೂ ವಾಲಿಸಿ ಅಳೆದನು. ಇಂತಿಷ್ಟು ಹಲ್ಲು, ಇಂತಿಷ್ಟು ಮಿಲಿಮೀಟರು ಎಂಬ ಮಿತಿಯು ಎಲ್ಲ ಚಕ್ರಗಳಿಗೂ ಒಂದೇ ಅಲ್ಲ. ಪ್ರತಿಯೊಂದು ಬಿಡಿಭಾಗದ ಸಂಖ್ಯೆಗೂ ತಯಾರಕರು ಪ್ರತ್ಯೇಕವಾಗಿ ಗೊತ್ತುಪಡಿಸಿರುತ್ತಾರೆ. ಆತನು ಫೋನಿನಲ್ಲಿ ಆ ಕೋಷ್ಟಕವನ್ನು ತೆರೆದು ನನಗೆ ತೋರಿಸಿದನು. ಎರಡು ಅಳತೆಗಳೂ ಮಿತಿಯನ್ನು ದಾಟಿದ್ದವು. ಗಾಜಿನ ಕೋಣೆಯ ತರುಣನು ಹೇಳಿದ್ದ ಮಾತು ಈಗ ಸಾಕ್ಷಿಸಮೇತ ಸಿದ್ಧವಾಯಿತು.

ಕೊಯ್ ಎಂಬ ರಾಗದ ಮೂಲವು ಇದಕ್ಕಿಂತ ವಿಚಿತ್ರವಾಗಿದ್ದಿತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಅವೆರಡೂ ಒಂದೇ ಅಕ್ಷದ ಮೇಲೆ ನಿಲ್ಲುವಂತೆ ಮಾಡಲು, ಬೆರಳ ತುದಿಯಷ್ಟು ಉದ್ದದ ಎರಡು ಉಕ್ಕಿನ ಪೊಳ್ಳು ಗೂಟಗಳಿರುತ್ತವೆ. ಡೋವೆಲ್ ಎಂದು ಅವುಗಳ ಹೆಸರು. ನನ್ನ ಕಾರಿನಲ್ಲಿ ಇದ್ದುದು ಒಂದೇ. ಹಿಂದಿನ ಯಜಮಾನನ ಕಾಲದಲ್ಲಿ ಯಾರೋ ಕ್ಲಚ್ಚನ್ನು ಬದಲಾಯಿಸಿದವರು, ಕೆಳಗೆ ಬಿದ್ದ ಆ ಗೂಟವನ್ನು ಹುಡುಕುವ ತೊಂದರೆಯನ್ನು ತೆಗೆದುಕೊಳ್ಳದೆ, ಬೋಲ್ಟುಗಳ ಬಿಗಿಯನ್ನೇ ನೆಚ್ಚಿಕೊಂಡು ಮುಚ್ಚಿಬಿಟ್ಟಿದ್ದರು. ಗೇರ್‌ಬಾಕ್ಸು ಕೂದಲೆಳೆಯಷ್ಟು ಓರೆಯಾಯಿತು. ರಿಲೀಸ್ ಬೇರಿಂಗು ನಡುವನ್ನು ಬಿಟ್ಟು ಒತ್ತತೊಡಗಿತು. ಪ್ರೆಶರ್ ಪ್ಲೇಟಿನ ಬೆರಳುಗಳು ಒಂದು ಕಡೆ ಮಾತ್ರ ಸವೆದು ಹೊಳೆಯುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ಮನಸ್ಸಿಗೆ ಬಂದಿತು. ಆದರೆ ಇಲ್ಲಿ ದೊಣ್ಣೆಯೂ ಬೇಕಾಗಿರಲಿಲ್ಲ, ಒಂದು ಗೂಟವನ್ನು ಬಿಟ್ಟುದೇ ಸಾಕಾಗಿದ್ದಿತು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ವ್ಯಾಪಾರಿಯೊಡನೆ ಫೋನಿನಲ್ಲಿ ನಡೆದ ಮಾತುಕತೆಯು ಅರ್ಧ ಗಂಟೆಯನ್ನು ತೆಗೆದುಕೊಂಡಿತು. ಇಬ್ಬಗೆಯ ಚಕ್ರದ ಬೆಲೆಯು ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟುಗಳೆರಡರ ಬೆಲೆಯನ್ನೂ ಕೂಡಿಸಿದರೆ ಬರುವುದಕ್ಕಿಂತ ಬಹಳ ಹೆಚ್ಚು. ಅದರ ಬದಲು, ಸೀಳಿಲ್ಲದ ಗಟ್ಟಿ ಚಕ್ರವನ್ನೂ ಅದಕ್ಕೆ ಹೊಂದುವ ಸ್ಪ್ರಿಂಗಿನ ಕ್ಲಚ್ ಪ್ಲೇಟನ್ನೂ ಹಾಕಿಬಿಡಿ, ಅದು ಜನ್ಮಕ್ಕೂ ಹಾಳಾಗದು ಎಂಬುದು ಆತನ ಉಪದೇಶ. ಬಾಡಿಗೆಯ ಗಾಡಿಯನ್ನು ಹಗಲಿರುಳು ಓಡಿಸುವವನಿಗೆ ಆ ಮಾತಿನಲ್ಲಿ ಸತ್ತ್ವವಿಲ್ಲವೆಂದು ನಾನು ಹೇಳಲಾರೆ. ಮೇಸ್ತ್ರಿಯು ಮಾತ್ರ ಟೀ ಲೋಟವನ್ನು ಕೆಳಗಿಟ್ಟು, "ಅದು ಮುರಿಯಲ್ಲ ಸಾರ್, ಮುರಿಯೋದು ಬೇರೆ ಏನೋ" ಎಂದನು. ಚಕ್ರವು ತಿನ್ನುತ್ತಿದ್ದ ಏಟನ್ನು ಅದು ತಿನ್ನದೆ ಹೋದರೆ ಗೇರ್‌ಬಾಕ್ಸಿನ ಹಲ್ಲುಗಳೂ ಬೇರಿಂಗುಗಳೂ ತಿನ್ನಬೇಕಷ್ಟೆ. ಹಳೆಯ ಚಕ್ರವನ್ನೇ ಸೀಳಿ, ಗ್ರೀಸು ತುಂಬಿ, ಬೆಸುಗೆ ಹಾಕಿ ಕೊಡುವವರೂ ಇದ್ದಾರೆಂದು ತಿಳಿಯಿತು. ಮೊಣಕಾಲಿನ ಮಟ್ಟದಲ್ಲಿ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಬೇಕಾದ ವಸ್ತುವಿಗೆ ಅಂತಹ ಬೆಸುಗೆಯನ್ನು ನಂಬುವಷ್ಟು ಆಸ್ತಿಕ್ಯವು ನನ್ನಲ್ಲಿಲ್ಲ. ಹೊಸದನ್ನೇ ತರಿಸಿದೆನು.

ಜೋಡಣೆಯ ವಿಷಯದಲ್ಲಿ ನನಗೆ ಹೇಳಬೇಕೆನಿಸುವುದು ಬಿಚ್ಚುವಿಕೆಗಿಂತ ಕಡಿಮೆ. ಅಲ್ಲಿ ಎಲ್ಲವೂ ಶಿಸ್ತು. ದಂಡದ ಹಿಂದಿನ ಆಯಿಲ್ ಸೀಲು ಒಸರುತ್ತಿರಲಿಲ್ಲವಾದರೂ ಅದನ್ನು ಬದಲಾಯಿಸಲಾಯಿತು. ಆ ಚಿಕ್ಕ ರಬ್ಬರಿಗಾಗಿ ಮುಂದೆ ಮತ್ತೆ ಇಷ್ಟನ್ನೂ ಇಳಿಸುವುದು ಮೂರ್ಖತನ. ಚಕ್ರದ ಬೋಲ್ಟುಗಳು ಹೊಸವು. ಒಮ್ಮೆ ಎಳೆದು ಬಿಗಿದ ಬೋಲ್ಟು ತನ್ನ ಎಳೆತವನ್ನು ಕಳೆದುಕೊಂಡಿರುತ್ತದೆ. ಮೊದಲು ಟಾರ್ಕ್ ರೆಂಚಿನಿಂದ ನಿಗದಿಯಾದ ಬಲ, ಅನಂತರ ನಿಗದಿಯಾದ ಕೋನದಷ್ಟು ಹೆಚ್ಚಿನ ತಿರುವು. ಹೊಸ ಚಕ್ರದ ಮುಖಕ್ಕೂ ಪ್ರೆಶರ್ ಪ್ಲೇಟಿಗೂ ತುಕ್ಕು ಹಿಡಿಯದಿರಲೆಂದು ಹಚ್ಚಿದ್ದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೇ ಹೊರತು, ಚಕ್ರದ ಮೇಲೆ ದ್ರವವನ್ನು ಸುರಿಯಲಿಲ್ಲ. ಸುರಿದರೆ ಒಳಗಿನ ಗ್ರೀಸು ಕರಗುತ್ತದೆ. ಕ್ಲಚ್ ಪ್ಲೇಟಿನ ಯಾವ ಮುಖವು ಗೇರ್‌ಬಾಕ್ಸಿನ ಕಡೆಗೆಂಬುದು ಅದರ ಮೇಲೆಯೇ ಬರೆದಿರುತ್ತದೆ. ಬರೆದಿದ್ದರೂ ತಿರುವುಮುರುವಾಗಿ ಹಾಕುವವರಿದ್ದಾರಂತೆ. ನಡುವೆ ಒಂದು ಕಡೆಗೋಲಿನಂತಹ ಉಪಕರಣವನ್ನು ತೂರಿಸಿ ಪ್ಲೇಟನ್ನು ಮಧ್ಯಕ್ಕೆ ತಂದರು. ಒಳದಂಡದ ಗೀರುಗಳಿಗೆ ಕಡಲೆಕಾಳಿನಷ್ಟು ಗ್ರೀಸನ್ನು ಸವರಿ, ಪ್ಲೇಟನ್ನು ಒಮ್ಮೆ ಜಾರಿಸಿ ನೋಡಿ, ಹೆಚ್ಚಾದುದನ್ನು ಒರೆಸಿದರು. ಧಾರಾಳವಾಗಿ ಬಳಿದ ಗ್ರೀಸು ತಿರುಗುವ ರಭಸಕ್ಕೆ ಸಿಡಿದು ಪ್ಲೇಟಿನ ಮೇಲೆ ಕುಳಿತರೆ ಹೊಸ ಕ್ಲಚ್ಚೂ ನಡುಗತೊಡಗುತ್ತದೆ.

ಗೇರ್‌ಬಾಕ್ಸನ್ನು ಏರಿಸುವಾಗ ಮಾತ್ರ ಮೇಸ್ತ್ರಿಯು ತಾನೇ ಕೆಳಗೆ ಮಲಗಿದನು. ಅದರ ಭಾರವು ಒಂದು ಕ್ಷಣವಾದರೂ ಒಳದಂಡದ ಮೂಲಕ ಕ್ಲಚ್ ಪ್ಲೇಟಿನ ಮೇಲೆ ಜೋತರೆ ಪ್ಲೇಟು ಬಾಗುತ್ತದೆ. ಬಾಗಿದುದು ಕಣ್ಣಿಗೆ ಕಾಣುವುದಿಲ್ಲ, ಮಾರನೆಯ ದಿನ ಪೆಡಲಿಗೆ ಗೊತ್ತಾಗುತ್ತದೆ. ಇಲ್ಲದಿದ್ದ ಡೋವೆಲನ್ನು ಆತನು ಗುಜರಿಯ ಒಂದು ಕವಚದಿಂದ ಕಿತ್ತು ತಂದಿದ್ದನು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅದನ್ನು ಕೂರಿಸಿದಾಗ, ಎರಡು ಮೈಗಳೂ ಬೋಲ್ಟಿನ ಸಹಾಯವಿಲ್ಲದೆಯೇ ಟಕ್ಕೆಂದು ಕೂಡಿಕೊಂಡವು. ಹೊಸ ರಿಲೀಸ್ ಬೇರಿಂಗು, ಹೊಸ ಗೇರ್ ಎಣ್ಣೆ, ಕ್ಲಚ್ಚಿನ ಕೊಳವೆಯಲ್ಲಿ ಹೊಸ ಡಾಟ್ 4 ದ್ರವ. ಗಾಳಿಯ ಗುಳ್ಳೆಗಳನ್ನೆಲ್ಲ ಹೊರಡಿಸಿ ಮುಗಿಸುವ ಹೊತ್ತಿಗೆ ಎರಡನೆಯ ದಿನದ ದೀಪ ಹೊತ್ತುವ ವೇಳೆಯಾಗಿದ್ದಿತು.

ಕೀಲಿಯನ್ನು ನಾನೇ ತಿರುಗಿಸಿದೆನು. ಎಂಜಿನ್ನು ಹೊತ್ತಿತು. ಪೆಡಲನ್ನು ತುಳಿದೆನು, ಬಿಟ್ಟೆನು, ಮತ್ತೆ ತುಳಿದೆನು, ಏನೂ ಕೇಳಿಸಲಿಲ್ಲ. ಆರಿಸಿದೆನು. ಒಂದು ಸಣ್ಣ ನಿಟ್ಟುಸಿರಿನಂತಹ ಗುಕ್ಕು, ಅಷ್ಟೆ. ಮೇಸ್ತ್ರಿಯು ಮೊದಲ ಐದುನೂರು ಕಿಲೋಮೀಟರು ಕ್ಲಚ್ಚನ್ನು ಹಿಂಸಿಸಬಾರದೆಂದೂ, ಏರಿನಲ್ಲಿ ಎಂಜಿನ್ನು 1800 ಸುತ್ತಿಗಿಂತ ಕೆಳಗೆ ಕೊರಗಿದರೆ ಗೇರನ್ನು ಇಳಿಸಲೇಬೇಕೆಂದೂ ಹೇಳಿದನು. ಹಳೆಯ ಚಕ್ರವನ್ನು ನಾನು ಮನೆಗೆ ತಂದೆನು. ಅದೀಗ ಜಗಲಿಯ ಮೂಲೆಯಲ್ಲಿ ತುಳಸಿಯ ಕುಂಡದ ಅಡಿಗೆ ಪೀಠವಾಗಿದೆ. ಕುಂಡವನ್ನು ತಿರುಗಿಸಿದರೆ ಈಗಲೂ ಒಳಗೆ ಗಡ್ ಎನ್ನುತ್ತದೆ.

ಮುಂದಿನ ತಿಂಗಳು ಶಿರಾಡಿಯಲ್ಲಿ ಮೂರನೆಯ ಗೇರಿನಲ್ಲಿ ಹತ್ತಿದೆನು. ಹಸಿರು ಬಾಣವು ಮೂಡಿತು, ಮಿನುಗಿತು, ನಾನು ಲಕ್ಷ್ಯ ಕೊಡದಿರಲು ಮರೆಯಾಯಿತು. ಮೈಲೇಜು ಲೀಟರಿಗೆ ಮುಕ್ಕಾಲು ಕಿಲೋಮೀಟರು ಕಡಿಮೆಯಾಯಿತೆಂಬುದನ್ನು ನಾನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅಷ್ಟು ಬೇಗ ಹೋಗುವ ಚಾಳಿಯಲ್ಲ ಅದು.

ಇದಾಗಿ ಹದಿನೈದು ದಿನಗಳ ಮೇಲೆ ನನ್ನ ಹೆಂಡತಿಯು ಜಗಲಿಯ ಮೇಲಿನಿಂದಲೇ, "ಈಗ ಬೇರೆ ಏನೋ ಕಿಣಿಕಿಣಿ ಎನ್ನುತ್ತಿದೆ" ಎಂದಳು. ಈ ಸಲ ನಾನು ಗಾಜಿನ ಕೋಣೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ತಗಡಿನ ಮಾಡಿನ ಕೆಳಗೆ ಮೇಸ್ತ್ರಿಯು ಯಥಾಪ್ರಕಾರ ಕಣ್ಣು ಮುಚ್ಚಿ, ಸ್ಕ್ರೂಡ್ರೈವರನ್ನು ಕಿವಿಗೆ ಆನಿಸಿ, ಪೆಡಲನ್ನು ಎರಡು ಬಾರಿ ತುಳಿಸಿ, ತಲೆಯನ್ನು ಅಡ್ಡಡ್ಡ ಆಡಿಸಿದನು. ಅನಂತರ ಕೆಳಗೆ ಮಲಗಿ, ಹೊಗೆಕೊಳವೆಯ ಮೇಲಿನ ಶಾಖ ತಡೆಯುವ ತಗಡನ್ನು ಬೆರಳಿನಿಂದ ತಟ್ಟಿದನು, ಅದು ಕಿಣಿಕಿಣಿಯೆಂದಿತು. ಅದರ ಒಂದು ಬೋಲ್ಟಿನ ತೂತು ತುಕ್ಕು ಹಿಡಿದು ಅಗಲವಾಗಿದ್ದಿತು. ನೀರಿನ ಪೈಪಿಗೆ ಬಿಗಿಯುವ ಒಂದು ಕ್ಲಿಪ್ಪನ್ನು ಅದಕ್ಕೆ ಸುತ್ತಿ, ಎರಡು ತಿರುವು ಬಿಗಿದು, ಮೈಮೇಲಿನ ಕೆಸರನ್ನು ಕೊಡವಿಕೊಂಡು ಎದ್ದು, ನಾನು ಜೇಬಿಗೆ ಕೈಹಾಕುವಷ್ಟರಲ್ಲಿ ಆತನು ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಗಾಡಿಯ ಕೆಳಗೆ ಹೋಗಿಯಾಗಿದ್ದಿತು.